ಏಳನೇ ಹಾಸಿಗೆಯ ಗುಟುಕು

ಬೆಳಗಿನಿಂದ ಏಳು ಮಕ್ಕಳಿಗೆ ಅಡಿನಾಯ್ಡ್ ಆಪರೇಷನ್ ಆಗಿತ್ತು. ಮೂಗಿನ ಹಿಂದಿನ ಗಡ್ಡೆ ಕೆರೆದು ತೆಗೆದ ಮೇಲೆ ರಕ್ತ ನಿಲ್ಲಲು ಆ ಜಾಗಕ್ಕೆ ಬಟ್ಟೆಯುಂಡೆ ಒತ್ತಿ, ಗಡಿಯಾರ ನೋಡಿ ಐದು ನಿಮಿಷ ಕಾಯಬೇಕು. ಮೊದಲಿನವರಿಗೆ ಐದು ಸಿಕ್ಕಿತ್ತು. ಕೊನೆಯವಳಿಗೆ ಎರಡು ನಿಮಿಷವೂ ಸಿಕ್ಕಿಲ್ಲ ಎಂದು ಥಿಯೇಟರಿನಿಂದ ಸುದ್ದಿ ಬಂದಿತ್ತು.

ವಾರ್ಡಿನ ನರ್ಸಿಗೆ ಅದು ಎರಡನೇ ಪಾಳಿ. ಕಾಲು ಮರಗಟ್ಟಿದ್ದವು.

"ಕಳ್ಳಿ, ನಿದ್ದೇಲೂ ಏನೋ ತಿಂತಿದ್ದಾಳೆ ನೋಡಮ್ಮ," ಏಳನೇ ಹಾಸಿಗೆಯ ಮಗುವಿನ ಅಜ್ಜಿ ನಕ್ಕಳು. "ಗುಟುಕ್ ಗುಟುಕ್ ಅಂತ ನುಂಗ್ತಾನೇ ಇದಾಳೆ."

ನರ್ಸ್ ಬಗ್ಗಿದಳು. ಮೂಗು ಒಣಗಿತ್ತು, ತುಟಿ ಶುಭ್ರವಾಗಿತ್ತು. ನಾಡಿ ಮಾತ್ರ ಓಡುತ್ತಿತ್ತು. ನಿಮಿಷಕ್ಕೆ ಒಂಬತ್ತು ಗುಟುಕು. ಮಲಗಿದ ಮಗು ಅಷ್ಟು ನುಂಗುವುದು ಎಂಜಲನ್ನಲ್ಲ.

ಡಾಕ್ಟರಿಗೆ ಹೇಳಿಕಳಿಸುವಷ್ಟರಲ್ಲಿ ಮೇಲ್ವಿಚಾರಕ ಬಂದ. "ಮೂರು ಗಂಟೆಗೆ ಹಾಸಿಗೆ ಖಾಲಿ ಆಗ್ಬೇಕು. ಡಿಸ್ಚಾರ್ಜಿಗೆ ಸಹಿ ಹಾಕಮ್ಮ."

"ರಕ್ತ ಹೋಗ್ತಿದೆ ಸಾರ್."

"ಎಲ್ಲಿ? ಒಂದು ತೊಟ್ಟು ತೋರಿಸು."

"ಹೊಟ್ಟೇಲಿದೆ."

"ಹೊಟ್ಟೆಗೆ ಫಾರಮ್ಮಲ್ಲಿ ಕಾಲಂ ಇಲ್ಲ."

"ಹಾಗಾದ್ರೆ ನನ್ನ ಸಹೀನೂ ಇಲ್ಲ."

"ನಿನ್ನಂಥೋರು ಹತ್ತು ಜನ ಸಿಗ್ತಾರೆ!"

"ಸಿಕ್ಕಿದ್ರೆ ನಾನ್ಯಾಕೆ ಸಾರ್ ಎರಡೆರಡು ಪಾಳಿ ದುಡೀತಿದ್ದೆ?"

ಅಜ್ಜಿಯ ನಗು ಎಲ್ಲೋ ಇಂಗಿಹೋಗಿತ್ತು. ಮಗು ಎದ್ದು ಕೂತಿತು, ಬಿಕ್ಕಿತು, ಬಿಳಿ ಹಾಸಿನ ಮೇಲೆಲ್ಲ ಕಪ್ಪುಗೆಂಪು ವಾಂತಿ ಮಾಡಿತು. ಮೇಲ್ವಿಚಾರಕ ಬೂಟು ಹಿಂದೆಳೆದುಕೊಂಡ.

ಅಷ್ಟರಲ್ಲಿ ಡಾಕ್ಟರು ಬಂದರು. ಟಾರ್ಚಿನ ಬೆಳಕು ಬಿಟ್ಟು ಬಾಯೊಳಗೆ ನೋಡಿದರು. ಕಿರುನಾಲಿಗೆಯ ಹಿಂದೆ ಕೆಂಪು ಎಳೆಯೊಂದು ಇಳಿಯುತ್ತಿತ್ತು. ಮಗುವನ್ನು ತಾವೇ ಎತ್ತಿಕೊಂಡು ನಡೆದರು; ನರ್ಸ್ ಹಿಂದೆಯೇ ಹೋದಳು.

ಥಿಯೇಟರಿನಲ್ಲಿ ಮಗುವಿಗೆ ಮತ್ತೆ ಅರಿವಳಿಕೆ ಕೊಟ್ಟರು. ಡಾಕ್ಟರು ಬಟ್ಟೆಯುಂಡೆ ಒತ್ತಿ ಹಿಡಿದರು. ಎರಡು ನಿಮಿಷಕ್ಕೆ ತಲೆಯೆತ್ತಿದರು. ಬೆಳಗಿನಿಂದ ದುಡಿದು ದಣಿದ ಕಣ್ಣು ಅವರದೂ.

"ಸಾಕಲ್ವೇನಮ್ಮ?"

"ಗಡಿಯಾರ ಅಲ್ಲಿದೆ ಸಾರ್."

ಐದು ತುಂಬಿತು. ಇನ್ನೂ ಒಸರುತ್ತಿದ್ದ ಒಂದು ಚುಕ್ಕೆಯನ್ನು ಸುಟ್ಟರು. ರಕ್ತ ನಿಂತಿತು.

ಐದು ಗಂಟೆಗೆ ಮೇಲ್ವಿಚಾರಕ ಇನ್ನೊಂದು ಫಾರಂ ತಂದ. ಹಾಸಿಗೆ ಖಾಲಿಯಾಗುವುದು ತಡವಾದದ್ದು ಏಕೆ? ಗುರುತು ಹಾಕಲು ಎರಡೇ ಚೌಕ: ಮನೆಯವರ ತಪ್ಪು, ನರ್ಸಿನ ತಪ್ಪು. ಅವಳು ಎರಡನ್ನೂ ಬಿಟ್ಟು ಅಂಚಿನಲ್ಲಿ ಬರೆದಳು: "ಮಗು ರಕ್ತ ನುಂಗುತ್ತಿತ್ತು. ಬಟ್ಟೆ ಒತ್ತಲು ಸಮಯ ಕೊಟ್ಟಿರಲಿಲ್ಲ." ಕೆಳಗೆ ಸಹಿ ಹಾಕಿದಳು.

"ಮನೆಗೆ ಹೋಗೇ ತಾಯಿ, ನಿನ್ನ ಮುಖ ನೋಡಕ್ಕಾಗ್ತಿಲ್ಲ," ಎಂದಳು ಅಜ್ಜಿ.

"ಹೋಗ್ತೀನಜ್ಜಿ."

ಹೋಗಲಿಲ್ಲ. ಆರನೆಯ ಮಗುವಿಗೆ ಸಿಕ್ಕಿದ್ದೂ ಮೂರೇ ನಿಮಿಷ. ಆ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು, ಊದಿದ ಕಾಲು ಚಾಚಿ, ಆ ಪುಟ್ಟ ಗಂಟಲನ್ನೇ ನೋಡುತ್ತ ಕೂತಳು.