ಭಾನುವಾರಕ್ಕೆ ಜಾರಿದ ಏಕಾದಶಿ

ಕಂಬದ ನೆರಳು ಮಡಿಲಲ್ಲಿದ್ದ ಚೆಂಡನ್ನು ಮುಟ್ಟಿ ದಾಟಿ ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೆ ಬಿಸಿಲು, ಮತ್ತೆ ನೆರಳು, ಯಾರೋ ದೊಡ್ಡ ಬೀಸಣಿಗೆ ಹಿಡಿದು ನಿದ್ದೆ ಬರಿಸುತ್ತಿರುವ ಹಾಗೆ — ಮಾಂಬಲ ಬಿಟ್ಟು ಎಷ್ಟು ಹೊತ್ತಾಯಿತು, ಸೈದಾಪೇಟೆ ಹೋಯಿತೋ ಇನ್ನು ಬರಬೇಕೋ, ತಿರುಮಲನಿಗೆ ತಿಳಿಯದು, ಎಲೆಕ್ಟ್ರಿಕ್ ರೈಲಿನ ಗಾಲಿ ಮಾತ್ರ ಕೆಳಗೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದೆ, ಮೂರು ನಾಲ್ಕು ಮೂರು ನಾಲ್ಕು, ಇದು ತಾತನ ಷಟ್ಪದಿಯ ನಡೆ, ಚೆಂಡು ತಟ್ಟುವಾಗಲೂ ಅಂಗೈಗೆ ಬರುವುದು ಇದೇ ನಡೆ, ಯಾರಿಗೂ ಹೇಳಿಲ್ಲ ಅವನು, ಹೇಳಿದರೆ ನಗುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ತಾತ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿ ಕಾಳಗದ ಪದ್ಯ ಎತ್ತಿಕೊಂಡರೆ ಬೀದಿಯಲ್ಲಿ ಹೋಗುವ ಹಾಲಿನವನೂ ನಿಲ್ಲುತ್ತಿದ್ದ, ತಿರುಮಲ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ, ಬಾಣ ಬಿಡೋದು ಯಾವಾಗ ತಾತ ಎಂದರೆ ಇರೋ ಮಗು, ಏನವಸರ, ಮೊದಲು ರಥ ಕಟ್ಟಲಿ, ಹೆದೆ ಮಿಡಿದು ನೋಡಲಿ, ಸಮಸಮ ಇರೋರ ಕಾಳಗದಲ್ಲಿ ಸೊಗಸೆಲ್ಲ ಇರೋದು ಕಾಳಗಕ್ಕೆ ಮೊದಲೇ ಕಣೋ, ಕುದುರೆಗಳಿಗೆ ನೀರು ಕುಡಿಸಲಿ — ನೀರು. ಬಂತು ನೋಡು, ಎಲ್ಲಿಂದ ಸುತ್ತಿ ಹೋದರೂ ಮನಸ್ಸು ಅಲ್ಲಿಗೇ ಬಂದು ನಿಲ್ಲುತ್ತದೆ, ನಾಲಗೆ ಅಂಗುಳಿಗೆ ಅಂಟಿ ಬಿಡಿಸಿಕೊಂಡಿತು, ನಿನ್ನೆ ರಾತ್ರಿಯಿಂದ ಒಂದು ಹನಿ ಇಲ್ಲ, ಇವತ್ತು ಏಕಾದಶಿ, ನಾಳೆ ಬೆಳಗಿನ ಪಾರಣೆಯವರೆಗೆ ಇಲ್ಲ.

ಲೇ, ನಿದ್ದಿ ಮಾಡ್ತೀಯೇನಲೇ — ಗಂಗಾಧರಪ್ಪ ತೊಡೆ ತಟ್ಟುತ್ತಿದ್ದಾನೆ, ಕ್ಯಾಪ್ಟನ್, ಅಡ್ಯಾರಿನ ಕಾಲೇಜಿನ ಇಡೀ ಬ್ಯಾಸ್ಕೆಟ್‌ಬಾಲ್ ತಂಡವನ್ನು ಈ ಡಬ್ಬಿಗೆ ತುರುಕಿ ತಾನು ಇವನ ಪಕ್ಕಕ್ಕೆ ಬಂದು ಕೂತಿದ್ದಾನೆ, ಟಿ. ನಗರದಲ್ಲಿ ಅವನಪ್ಪನ ಜವಳಿ ಅಂಗಡಿ, ಮದರಾಸಿಗೆ ಬಂದು ಎಷ್ಟೋ ವರ್ಷವಾದರೂ ಬಾಯಿಂದ ದಾವಣಗೆರೆ ಹೋಗಿಲ್ಲ — ಕೇಳಿಲ್ಲಿ, ಮೊದಲನೇ ಆಟ ಕ್ರೋಂಪೇಟೆಯವರು ಗೆದ್ರು, ಒಂದೇ ಬುಟ್ಟಿ ಹೆಚ್ಚು, ಎರಡನೇದು ನಾವು, ನಮ್ದೂ ಒಂದೇ ಬುಟ್ಟಿ, ಇವತ್ತು ಗೆದ್ದೋರಿಗೆ ಕಪ್ಪು, ನಮ್ಮ ಗಿಡ್ಡ ಅವರ ಗಿಡ್ಡನ್ನ ನೋಡ್ಕೋತಾನ, ಹಿಂದಿನ ಇಬ್ರು ಆ ಇಬ್ರನ್ನ, ನಾ ಅವರ ಕ್ಯಾಪ್ಟನ್ನನ್ನ, ಉಳದದ್ದು ನೀನೂ ಅವರ ಪಂಢರಿನಾಥನೂ, ತಕ್ಕಡಿಯೊಳಗ ಇಟ್ರ ಮುಳ್ಳು ಅಲ್ಲಾಡಂಗಿಲ್ಲ, ಅದಕ್ಕ ಹೇಳ್ತೀನಿ, ಕಡೀ ಐದು ನಿಮಿಷ ನಿಮ್ಮಿಬ್ರೊಳಗ ಯಾರಿಗೆ ಉಸಿರು ಉಳೀತದೋ ಅವರದ್ದು ಆಟ. ನಿನಗ ಉಳೀತದ ಬಿಡು. ನಿನ್ನೆ ಉಪಾಸ ಮುಗಿಸೀಯ, ಬೆಳಿಗ್ಗೆ ಪಾರಣಿ ಗಡದ್ದಾಗಿ ಬಾರಿಸೀಯ, ಹೌದಿಲ್ಲೋ. ಹೂಂ, ಎಂದ ತಿರುಮಲ. ಎರಡಕ್ಷರವೂ ಅಲ್ಲ ಅದು, ಮೂಗಿನಲ್ಲಿ ಹೋದ ಒಂದು ಗಾಳಿ, ಸುಳ್ಳು ಇಷ್ಟು ಹಗುರವಾಗಿ ಹೊರಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗಂಗಾಧರಪ್ಪ ಖುಷಿಯಾಗಿ ಬೆನ್ನು ಗುದ್ದಿದ, ಮುಂದಿನ ಸೀಟಿನವರ ಕಡೆ ತಿರುಗಿ ನೋಡ್ರಪ್ಪಾ ಹುಲಿ ಉಂಡು ಬಂದದ ಎಂದ, ಎಲ್ಲರೂ ನಕ್ಕರು, ತಿರುಮಲನೂ ನಕ್ಕ, ಒಣ ತುಟಿ ನಗುವಾಗ ಉರಿಯಿತು.

ಆಟ ಮೊದಲು ಗೊತ್ತಾಗಿದ್ದದ್ದು ನಿನ್ನೆಗೆ, ಶನಿವಾರಕ್ಕೆ. ಗಂಗಾಧರಪ್ಪನ ಅಂಗಡಿಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು, ಅದರಲ್ಲಿ ಶನಿವಾರದ ಕೆಳಗೆ ಕೆಂಪಿನಲ್ಲಿ ಏಕಾದಶಿ ಎಂದಿತ್ತಂತೆ, ಅವನಿಗೆ ಹೊಳೆದದ್ದೇ ಇವನ ಹೊಟ್ಟೆ, ಯಾರಿಗೂ ಹೇಳದೆ ಕೇಳದೆ ಬಿಸಿಲಲ್ಲಿ ಸೈಕಲ್ ತುಳಿದು ಕ್ರೋಂಪೇಟೆಗೆ ಹೋಗಿ ಆ ಕಾಲೇಜಿನವರ ಕೈಕಾಲು ಹಿಡಿದು ಆಟವನ್ನು ಒಂದು ದಿನ ಮುಂದಕ್ಕೆ ಹಾಕಿಸಿ ಬಂದ, ಬಂದವನು ಬೆವರು ಒರೆಸಿಕೊಳ್ಳುತ್ತ, ನಿಮ್ಮ ದೇವರಿಗೂ ನಮ್ಮ ಕಪ್ಪಿಗೂ ಜಗಳ ಬ್ಯಾಡಂತ ಭಾನುವಾರ ಮಾಡಿಸೀನಿ ನೋಡು. ಆಗ ಬಾಯಿ ಬಿಡಬೇಕಿತ್ತು. ಶನಿವಾರದ ಏಕಾದಶಿ ನಮ್ಮದಲ್ಲ ಕಣೋ, ಬೆಳಗಿನ ಜಾವಕ್ಕೆ ದಶಮಿಯ ಒಂದು ಎಳೆ ತಾಗಿದರೂ ನಮ್ಮ ಮಠದವರಿಗೆ ಆ ದಿನ ಉಪವಾಸ ಕೂಡದು, ಮರುದಿನಕ್ಕೆ ಹೋಗುತ್ತದೆ, ನೀನು ತಪ್ಪಿಸಿ ತಪ್ಪಿಸಿ ಅದೇ ದಿನಕ್ಕೆ ತಂದಿಟ್ಟೆ — ಹೀಗೆಂದು ಹೇಳುವ ಬದಲು ಆ ಬೆವರಿನ ಮುಖಕ್ಕೆ ತನ್ನ ಟವಲು ಚಾಚಿದ್ದ. ಬೆಳಿಗ್ಗೆ ಅಮ್ಮ ತುಳಸಿಯ ಮುಂದೆ ರಂಗೋಲಿ ಎಳೆಯುತ್ತ, ತಲೆ ಎತ್ತದೆ, ಆ ಬುಟ್ಟಿ ಆಟಕ್ಕೆ ಹೋಗ್ಲೇಬೇಕಾ ಕಣ್ಣಾ, ವೆಯಿಲ್ ಎಷ್ಟಿದೆ ನೋಡು, ತಲೆ ಸುಡತ್ತೆ ಎಂದಳು, ಹೋಗ್ಬೇಕಮ್ಮ ಎಂದ, ರಂಗೋಲಿಯ ಎಳೆ ಒಂದು ಸುತ್ತು ಹೋಗಿ ಬಂತು, ದಾಹ ತಡೀಲಿಲ್ಲಾಂದ್ರೆ ಕುಡಿ, ನಂಗೆ ಮಾತ್ರ ಬಂದು ಹೇಳ್ಬೇಡ, ಹೇಳಿದ್ರೆ ನಾಳೆ ನಿಂಗೆ ಎಲೆ ಹಾಕುವಾಗ ನನ್ ಕೈ ನಡುಗತ್ತೆ. ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಮುಂಜಿಯಾದ ಮೇಲೆ ಒಂದು ಏಕಾದಶಿಯೂ ಬಿಟ್ಟಿಲ್ಲ, ಜ್ವರದಲ್ಲೂ ಬಿಟ್ಟಿಲ್ಲ, ಇವತ್ತು ಕುಡಿದರೆ ಯಾರಿಗೂ ತಿಳಿಯುವುದಿಲ್ಲ, ಕುಡಿಯದಿದ್ದರೆ ಕೊನೆಯ ಐದು ನಿಮಿಷಕ್ಕೆ ಕಾಲು ಮಣ್ಣಾಗುತ್ತದೆ, ಗಂಗಾಧರಪ್ಪನ ಸೈಕಲ್ಲು, ಬೆವರು, ಬೇಡಿಕೊಂಡದ್ದು ಎಲ್ಲ ಮಣ್ಣು, ಕುಡಿಯಬೇಕು, ಒಂದು ಗುಟುಕು, ಒಂದೇ ಗುಟುಕಿಗೆ ದೇವರು — ಬೇಡ, ಆ ಮಾತು ಬೇಡ. ಪಂಢರಿನಾಥ ಕುಡಿದೇ ಬರುತ್ತಾನೆ. ಅವನೂ ನಮ್ಮ ಮಠದವನೇ, ತಿರುವಲ್ಲಿಕ್ಕೇಣಿಯ ಮಠದಲ್ಲಿ ಒಮ್ಮೆ ಪಂಕ್ತಿಯಲ್ಲಿ ಎದುರೇ ಕೂತಿದ್ದ, ಹಣೆಗೆ ಅಂಗಾರ ಅಕ್ಷತೆ, ಎಲೆಯಾಚೆಯಿಂದ ಒಬ್ಬರನ್ನೊಬ್ಬರು ಅಳೆದುಕೊಂಡು ಪಾಯಸ ಉಂಡಿದ್ದರು, ಆದರೆ ಈಗ ಅವನು ಹಾಸ್ಟೆಲಿನ ಹುಡುಗ, ಹಾಸ್ಟೆಲಿಗೆ ತಿಥಿ ಎಲ್ಲಿಯದು, ಅಲ್ಲಿ ಭಾನುವಾರವೆಂದರೆ ಪೂರಿ.

ಪರಂಗಿಮಲೆ ಸ್ಟೇಷನ್ನು. ಹತ್ತಿದ ಮುದುಕರೊಬ್ಬರು ಎದುರಿಗೆ ಕೂತು ನೀರಿನ ಕೂಜದ ಮುಚ್ಚಳ ತಿರುಗಿಸಿದರು, ತಲೆ ಹಿಂದಕ್ಕೆ ಚೆಲ್ಲಿ, ಕೂಜ ಮೇಲಕ್ಕೆ ಎತ್ತಿ, ತುಟಿಗೆ ತಾಗಿಸದೆ ಸುರಿದುಕೊಂಡರು, ನೀರಿನ ಒಂದು ಕೋಲು, ಬಿಸಿಲು ಅದರೊಳಗೆ ನಿಂತಿದೆ, ಕೆಳಗೆ ಗಂಟಲ ಗುಬಟು ಏರಿತು ಇಳಿಯಿತು, ಏರಿತು ಇಳಿಯಿತು, ತೊಗಲಿನೊಳಗೆ ಸಣ್ಣ ಪ್ರಾಣಿಯೊಂದು ಕೂತು ಕುಡಿಯುತ್ತಿರುವ ಹಾಗೆ, ತಿರುಮಲನ ಗಂಟಲೂ ಅದರ ಜೊತೆಗೆ ಒಮ್ಮೆ ಏರಿ ಏನೂ ಸಿಗದೆ ಇಳಿಯಿತು. ಕಣ್ಣು ಮುಚ್ಚಿದ. ಮುಚ್ಚಿದರೂ ಅದೇ. ಮೀನಂಬಾಕದ ಮೇಲೆ ವಿಮಾನವೊಂದು ಸದ್ದಿಲ್ಲದೆ ತೇಲಿತು, ಅಥವಾ ಸದ್ದು ಇವನ ಕಿವಿಗೆ ಬರಲಿಲ್ಲ, ತಾತನ ದನಿ ಅಡ್ಡ ಬರುತ್ತಿದೆ, ಇಬ್ಬರು ವೀರರು ಎದುರುಬದುರಾಗಿ ನಿಂತಿದ್ದಾರೆ, ಇನ್ನೂ ಬಾಣ ಬಿಟ್ಟಿಲ್ಲ, ತಾತ ರಾಗ ಎಳೆಯುತ್ತಲೇ ಇದ್ದಾರೆ, ಬಿಡಬೇಡಿ ತಾತ, ಅಲ್ಲೇ ನಿಲ್ಲಿಸಿ, ಯಾರೂ ಗೆಲ್ಲದ ಸೋಲದ ಆ ಜಾಗ ಎಷ್ಟು ತಂಪು — ಪಲ್ಲಾವರಂ ದಾಟುತ್ತಲೇ ತೊಗಲು ಹದ ಮಾಡುವ ಕಾರ್ಖಾನೆಗಳ ವಾಸನೆ ಡಬ್ಬಿಯೊಳಗೆ ನುಗ್ಗಿತು, ಮಡಿಲ ಚೆಂಡಿನದೂ ಅದೇ ತೊಗಲು, ಅಮ್ಮ ಇದನ್ನು ಹೊಸಿಲು ದಾಟಿಸಲು ಬಿಡುವುದಿಲ್ಲ, ಮೆಟ್ಟಿಲ ಕೆಳಗಿನ ಗೋಣಿಚೀಲವೇ ಇದರ ಮನೆ, ಮೂಗು ಮುಚ್ಚಿಕೊಂಡ ಗಂಗಾಧರಪ್ಪ, ಈ ವಾಸನಿ ದಿನಾ ಕುಡಿದು ಬದುಕ್ತಾರಲ್ಲೋ ಕ್ರೋಂಪೇಟೆಯವರು, ಅದಕ್ಕ ಇಷ್ಟು ಗಟ್ಟಿ! ಏಳ್ರೋ, ಕ್ರೋಂಪೇಟೆ ಬಂತು.

ಮೈದಾನದ ಮಣ್ಣಿಗೆ ನೀರು ಹೊಡೆದಿದ್ದಾರೆ, ಸುಣ್ಣದ ಗೆರೆ ಹೊಸದು, ಎರಡು ಕಡೆಯ ಹಲಗೆಯ ಮೇಲೂ ಸಂಜೆ ಬಿಸಿಲು ಸಮವಾಗಿ ಬಿದ್ದಿದೆ. ಆತಿಥೇಯರ ಪದ್ಧತಿ ಇದು, ಆಟಕ್ಕೆ ಮೊದಲು ಎರಡು ತಂಡವೂ ಎದುರುಬದುರು ಸಾಲು ನಿಂತು ಕೈಕುಲುಕಿ ಒಟ್ಟಿಗೆ ನೀರುಮಜ್ಜಿಗೆ ಕುಡಿಯಬೇಕು, ಆಮೇಲೇ ಸೀಟಿ, ಹಿತ್ತಾಳೆಯ ಲೋಟಗಳು ಬರುತ್ತಿವೆ, ವಾಂಗೋ ವಾಂಗೋ, ಮೋರು ಸಾಪ್ಡುಂಗೋ, ಮಜ್ಜಿಗೆ ತೆಗೆದುಕೊಳ್ಳಿ ಎಂದು ಕರೆಯುತ್ತಿದ್ದಾರೆ, ಪಂಢರಿನಾಥನ ಅಂಗೈ ಇವನ ಅಂಗೈಗೆ ತಾಗಿ ಹೋಯಿತು, ಒಣಗಿದ ಬಿಸಿ ಅಂಗೈ, ಆಟಕ್ಕೆ ಮೊದಲು ಎಲ್ಲರದೂ ಹಾಗೇ ಇರುತ್ತದೆ. ಲೋಟ ಕೈಗೆ ಬಂತು. ತಣ್ಣಗೆ. ಶುಂಠಿ, ಕರಿಬೇವಿನ ಚೂರು, ಒಂದು ಕಾಳು ಉಪ್ಪು ಇನ್ನೂ ಕರಗುತ್ತಿದೆ. ಕುಡಿಯಲೇ ಹುಲಿ, ಎಂದ ಗಂಗಾಧರಪ್ಪ ಪಕ್ಕದಿಂದ, ಅವನದು ಆಗಲೇ ಅರ್ಧ ಇಳಿದಿದೆ, ಸಾಲಿನ ಉದ್ದಕ್ಕೂ ತಲೆಗಳು ಹಿಂದಕ್ಕೆ ವಾಲಿವೆ, ಲೋಟಗಳು ಮೇಲೆ, ಬಿಳಿಯ ಧಾರೆಗಳು ಕೆಳಗೆ, ಗಂಟಲುಗಳು ಏರುತ್ತಿವೆ ಇಳಿಯುತ್ತಿವೆ, ಏರುತ್ತಿವೆ ಇಳಿಯುತ್ತಿವೆ, ಅಮ್ಮಾ ನಾನು ಹೇಳುವುದಿಲ್ಲ ಅಮ್ಮಾ, ಒಂದು ಗುಟುಕು, ತಿರುಮಲ ಲೋಟ ಎತ್ತಿದ, ತಲೆ ವಾಲಿಸಿದ, ಕಣ್ಣು ಲೋಟದ ಅಂಚಿನಾಚೆ ಎದುರು ಸಾಲಿಗೆ ಹೋಯಿತು. ಪಂಢರಿನಾಥನ ತಲೆಯೂ ವಾಲಿದೆ, ಲೋಟವೂ ಮೇಲಿದೆ, ಬಾಯಿ ತೆರೆದಿದೆ. ಆದರೆ ಲೋಟಕ್ಕೂ ಬಾಯಿಗೂ ನಡುವೆ ಧಾರೆ ಇಲ್ಲ. ಬರೀ ಆಕಾಶ. ಅವನ ಹಿಮ್ಮಡಿಯ ಹಿಂದೆ ಮಣ್ಣಿನ ಮೇಲೆ ಬೆಳ್ಳಗೆ ಒಂದು ಒದ್ದೆ ಹಿಂಗುತ್ತಿದೆ, ಅವನ ಕ್ಯಾಪ್ಟನ್ ಏನೂ ತಿಳಿಯದೆ ಅವನ ಹೆಗಲ ಮೇಲೆ ಕೈ ಹಾಕಿ ನಿಂತು ಮುಗುಳ್ನಗುತ್ತಿದ್ದಾನೆ, ಖಾಲಿ ಲೋಟ ಮೇಲೇ ನಿಂತಿದೆ, ಎಲ್ಲರೂ ಕುಡಿದು ಮುಗಿಸುವಷ್ಟು ಹೊತ್ತು — ತಿರುಮಲನ ಕೈ ನಿಧಾನಕ್ಕೆ ಇಳಿಯಿತು, ಬೆನ್ನ ಹಿಂದೆ ಲೋಟ ಬಗ್ಗಿತು, ಕಾಲ ಬಳಿ ಮಣ್ಣು ತಣ್ಣಗಾದದ್ದು ತಿಳಿಯಿತು, ಮತ್ತೆ ಲೋಟ ಎತ್ತಿದ, ಹಗುರವಾಗಿದೆ, ಎದುರಿಗೆ ಆ ಗಂಟಲು, ಬಿಸಿಲಿನಲ್ಲಿ, ಚಾಚಿದ ಕತ್ತಿನ ನಡುವೆ ಆ ಗುಬಟು, ಏರುವುದಿಲ್ಲ, ಇಳಿಯುವುದಿಲ್ಲ, ಸೀಟಿ ಊದಿದರು, ಏರುವುದಿಲ್ಲ ಇಳಿಯುವುದಿಲ್ಲ, ಆ ಗಂಟಲು, ಇದ್ದಲ್ಲೇ