ಸುಣ್ಣಗಟ್ಟಿದ ಬಾದಾಮಿ

ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಆಕೆ ಆ ಬೆಳಿಗ್ಗೆ ಮಿದುಳಿನ ಹೋಳೊಂದನ್ನು ತಟ್ಟೆಯಲ್ಲಿಟ್ಟು ಅಮಿಗ್ಡಲ ತೋರಿಸಿದಳು.

“ಕಿವಿಯ ನೇರಕ್ಕೆ ಒಳಗೆ ಹೋಗಿ. ನೆನಪು ಕಾಯೋ ಹಿಪೊಕ್ಯಾಂಪಸ್ ಇದೆಯಲ್ಲ, ಅದರ ಮೂತಿಯ ಮುಂದೇನೇ ಇದು. ಬಾದಾಮಿಯಷ್ಟೇ, ಎಡಕ್ಕೊಂದು ಬಲಕ್ಕೊಂದು. ಒಂದೇ ಗಡ್ಡೆ ಅನ್ಕೋಬೇಡಿ, ಹಲವು ನರಗಂಟುಗಳು ಒತ್ಕೊಂಡು ಕೂತಿವೆ. ಹಾವು ಕಂಡ್ರೆ, ಅದು ಹಾವು ಅಂತ ನಿಮಗೆ ಹೊಳೆಯೋ ಮೊದ್ಲೇ ಕಾಲನ್ನ ಹಿಂದಕ್ಕೆ ಎಳೆಸೋದು ಇದೇ.”

ವಿದ್ಯಾರ್ಥಿಗಳು ನಕ್ಕರು. ಆಕೆಗೆ ನಗು ಬರಲಿಲ್ಲ. ಗಂಡನ ತಲೆಯೊಳಗಿನ ಎರಡೂ ಬಾದಾಮಿಗಳನ್ನು ಅಪರೂಪದ ಕಾಯಿಲೆಯೊಂದು ವರ್ಷಗಟ್ಟಲೆ ನಿಧಾನವಾಗಿ ಸುಣ್ಣಗಟ್ಟಿಸಿತ್ತು.

ಗಂಡ ದರ್ಜಿ. “ನಾನು ಕತ್ತರಿಸಿದ್ದನ್ನ ಮತ್ತೆ ಹೊಲಿಬಹುದು ಪ್ರೊಫೆಸರಮ್ಮ, ನೀನು ಕತ್ತರಿಸಿದ್ದು ಹೋಯ್ತು,” ಎಂದು ಛೇಡಿಸುತ್ತಿದ್ದವನು. ಮುಂಚೆಲ್ಲ ಆಕೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮುಖ ನೋಡಿ, “ಯಾರು ಬೈದ್ರು?” ಎನ್ನುತ್ತಿದ್ದ. ಈಗ ಬುದ್ಧಿ, ನೆನಪು, ಪ್ರೀತಿ ಎಲ್ಲ ಇದ್ದಲ್ಲೇ ಇದ್ದವು. ಭಯವೊಂದೇ ಮನೆ ಖಾಲಿ ಮಾಡಿ ಹೋಗಿತ್ತು. ತನ್ನ ಭಯವಷ್ಟೇ ಅಲ್ಲ, ಇನ್ನೊಬ್ಬರ ಮುಖದ ಭಯವೂ ಅವನಿಗೆ ತಿಳಿಯುತ್ತಿರಲಿಲ್ಲ.

ಮರುದಿನ ಆಕೆಯ ಎದೆಯ ಗಂಟಿಗೆ ಆಪರೇಷನ್. ಅಂದು ಸಂಜೆ ಆಕೆ ಮನೆಗೆ ಬಂದಾಗ ನಾದಿನಿ ಆಸ್ಪತ್ರೆಯ ಚೀಲ ತುಂಬುತ್ತಿದ್ದಳು. ಕೇಳದೆಯೇ ತನ್ನ ಮೆತ್ತನೆಯ ದಿಂಬನ್ನೂ ಒಳಗೆ ತುರುಕಿದಳು.

“ನಿಮ್ಮ ಗಂಡ ಇವತ್ತು ಲಾರಿ ಮುಂದೆ ರಾಜನ ಹಾಗೆ ನಡೆದ್ರು ಅತ್ತಿಗೆ. ಶರ್ಟಿನ ಕಾಲರ್ ಹಿಡಿದು ಎಳ್ಕೊಂಡು ಬಂದೆ. ನಂಗೇ ಬೈತಾರೆ, ಕಾಲರ್ ಕೆಡ್ತು ಅಂತ!”

ನಾದಿನಿ ಮನೆಗೆ ಹೋದ ಮೇಲೆ ಆಕೆ ಗಂಡ ಹೊಲಿಯುತ್ತಿದ್ದ ಯಂತ್ರದ ಎದುರು ಕುರ್ಚಿ ಎಳೆದು ಕೂತಳು. ಒಮ್ಮೆ, ಒಂದೇ ಒಂದು ಸಲ, ಹೇಳದೆಯೇ ಅವನಿಗೆ ಗೊತ್ತಾಗಲಿ ಎಂದು ಜೀವ ಹಂಬಲಿಸಿತು. ಅಡಗಿಸಿಟ್ಟಿದ್ದೆಲ್ಲವನ್ನೂ ಮುಖಕ್ಕೆ ಬಿಟ್ಟಳು. ಕಣ್ಣು ಅಗಲವಾದವು, ತುಟಿ ಅದುರಿತು.

ಅವನು ತಲೆಯೆತ್ತಿ ನೋಡಿದ. ಆಮೇಲೆ ಕುತೂಹಲದಿಂದ ಹಿಂದೆ ತಿರುಗಿ ಬಾಗಿಲು ನೋಡಿದ.

“ಯಾರು ಬಂದ್ರು?”

“ಯಾರೂ ಇಲ್ಲ ಕಣ್ರೀ.” ಆಕೆಯ ದನಿ ಒಡೆಯಿತು. “ನಂಗೆ ಭಯ ಆಗ್ತಿದೆ.”

ಯಂತ್ರ ನಿಂತಿತು. ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗನಂತೆ ಅವನು ಆಕೆಯ ಮುಖದಲ್ಲಿ ಹುಡುಕಾಡಿದ. ಕೊನೆಗೆ ಎದ್ದು ಬಂದು, ಹೊಸ ಬಟ್ಟೆ ತೊಟ್ಟು ನಿಂತ ಗಿರಾಕಿಗಳನ್ನು ಕೇಳುವ ಹಾಗೆಯೇ ಮೆಲ್ಲಗೆ ಕೇಳಿದ:

“ಎಲ್ಲಿ ಹಿಡಿಯುತ್ತೆ, ಹೇಳು.”

ಆಕೆ ಗಂಟಲು ಮುಟ್ಟಿ ತೋರಿಸಿದಳು. ಅವನು ಅಲ್ಲಿ ಅಂಗೈ ಇಟ್ಟ.

“ಇನ್ನೆಲ್ಲಿ?”

ಪಕ್ಕೆ. ಹೊಟ್ಟೆ. ಒಂದೊಂದು ಕಡೆಯೂ ಅಂಗೈ ಇಟ್ಟು ಕಾದ. ಆ ಕೈ ಬೆಚ್ಚಗಿತ್ತು, ಒಣಗಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ. ಆಕೆಯ ಕೈ ಬೆವರಿನಲ್ಲಿ ತೊಯ್ದಿತ್ತು. ಅವನಿಗಿದ್ದ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆದರೂ ಇಷ್ಟು ಹತ್ತಿರದಲ್ಲಿ ಇಷ್ಟು ಒಂಟಿಯಾಗಿ ಆಕೆ ಎಂದೂ ಕೂತಿರಲಿಲ್ಲ.

“ಸಡಿಲ ಆಯ್ತಾ?”

“ಆಯ್ತು,” ಎಂದಳು.

ಅವನ ಮುಖ ಅರಳಿತು. ಆಕೆ ಹೇಳಿದ್ದನ್ನು ನಂಬಿ, ಯಂತ್ರದ ಕಡೆಗೆ ಹೊರಳಿದ.