ಅಕ್ಕನ ದನಿ ಬೀರುವಿಗೆ ಹೋದದ್ದು

ಇದರಲ್ಲಿ ಎಳ್ಳಷ್ಟು ಸುಳ್ಳಿದ್ದರೂ ನಾನು ಓಡಿಸುವ ಬಸ್ಸಿನ ಆರೂ ಟೈರು ಒಟ್ಟಿಗೆ ಪಂಚರ್ ಆಗಲಿ. ಬಸ್ಸು ಹೊರಗೇ ನಿಂತಿದೆ, ಕಿಟಕಿಯಿಂದ ನೋಡುತ್ತಲೇ ಇದ್ದೇನೆ. ಇಲ್ಲಿಯವರೆಗೆ ಗಟ್ಟಿಯಾಗಿದೆ. ಹಾಗಾದರೆ ಕೇಳಿ.

ಆ ಬಸ್ಸಿನ ಕಂಡಕ್ಟರ್ ನಮ್ಮ ದೊಡ್ಡಮ್ಮನ ಮಗಳು. ನನಗೆ ಅಕ್ಕ. ಡಿಪೋದವರಿಗೆಲ್ಲ ಗಂಟೆಯಕ್ಕ, ಯಾಕೆಂದರೆ ಅವಳು ಹತ್ತಿದ ಮೇಲೆ ಬಸ್ಸಿಗೆ ಬೇರೆ ಗಂಟೆ ಬೇಕಿಲ್ಲ. ಅವಳದು ಕೀರಲು ದನಿಯಲ್ಲ. ದಪ್ಪ, ದುಂಡಗೆ, ಬಾವಿಯ ತಳದಿಂದ ಎದ್ದು ಬಂದಂಥದ್ದು. ಅವಳು "ಹೋಲ್ಡಾನ್!" ಎಂದರೆ ನಾನು ಬ್ರೇಕ್ ತುಳಿಯುವ ಮೊದಲೇ ಬಸ್ಸು ನಿಲ್ಲುತ್ತದೆ. ಹಿಂದೆ ಬರುವ ಕಾರುಗಳೂ ನಿಲ್ಲುತ್ತವೆ. ಒಮ್ಮೆ ರಸ್ತೆ ಬದಿಯ ಕಟಿಂಗ್ ಅಂಗಡಿಯಲ್ಲಿ ಕತ್ತರಿ ಅರ್ಧ ಮೀಸೆಗೇ ನಿಂತುಬಿಟ್ಟಿತು. ಅಕ್ಕ "ರೈಟ್" ಎನ್ನುವವರೆಗೂ ಆ ಮನುಷ್ಯ ಹಾಗೇ ಕೂತಿದ್ದ, ಪಾಪ.

ಆಗ ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಣ್ಣನ ಮನೆಯ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು. ಅಲ್ಲಿ ಆಕಳಿಸಿದರೂ ಅತ್ತಿಗೆ, "ಸ್ವಲ್ಪ ಹೆಂಗಸರ ಹಾಗೆ ಆಕಳಿಸ್ಬಾರ್ದಾ?" ಎನ್ನುತ್ತಿದ್ದಳು.

"ಕೆಲಸ ಒಂದು ಕಾಯಂ ಆಗ್ಲಿ," ಎಂದು ಅಕ್ಕ ನನ್ನ ಹತ್ತಿರ ಹೇಳುತ್ತಿದ್ದಳು. "ಒಂದು ಕೋಣೆ ಬಾಡಿಗೆಗೆ ಹಿಡೀತೀನಿ. ಬಾಗ್ಲು ಹಾಕ್ಕೊಂಡು ಗಂಟ್ಲು ತುಂಬಾ ನಗ್ತೀನಿ. ಅಷ್ಟೇ ನನ್ನಾಸೆ."

ಕಾಯಂ ಮಾಡುವುದು ಬಿಡುವುದು ಡಿಪೋ ಮ್ಯಾನೇಜರ್ ಕೈಯಲ್ಲಿತ್ತು. ಆತನ ಕಿವಿ ತುಂಬ ದೂರು.

"ಆಯಮ್ಮ ಶುದ್ಧ ಗಯ್ಯಾಳಿ ಸಾರ್," ಎಂದು ಒಬ್ಬ ಯಜಮಾನರು ಬಂದರು. "ಮನೇಲೂ ಬೈಸ್ಕೊಂಡು ಬಸ್ಸಲ್ಲೂ ಬೈಸ್ಕೋಬೇಕಾ?"

ಅಕ್ಕ ಬೈದಿರಲಿಲ್ಲ. ಮುಂದೆ ಸರಿಯಿರಿ ಎಂದಿದ್ದಳು. ಇರಲಿ ಎಂದು ದನಿ ತಗ್ಗಿಸಿದಳು. ಮಾರನೆಯ ದಿನ ಒಬ್ಬ ಹೆಂಗಸು ಬಂದು, "ಏನ್ರೀ ನಿಮ್ಮ ಕಂಡಕ್ಟರು, ಗುಬ್ಬಚ್ಚಿ ಥರ ಪಿಸುಗುಟ್ತಾಳೆ! ನಾನು ಇಳಿಯೋ ಸ್ಟಾಪು ಹೋಗೇ ಬಿಡ್ತು," ಎಂದು ಕೂಗಾಡಿದಳು. ಆಮೇಲೆ ಅಕ್ಕ ದನಿಗೆ ಸ್ವಲ್ಪ ಸಕ್ಕರೆ ಬೆರೆಸಿದಳು. ಒಬ್ಬ ಹುಡುಗಾಟದ ಗಂಡಸು ಬಸ್ಸಿನಿಂದ ಇಳಿಯದೆ ಸಂಜೆಯವರೆಗೂ ಸುತ್ತು ಹೊಡೆದ. ಅವನ ತಾಯಿ ಡಿಪೋಗೆ ಬಂದು, "ನನ್ನ ಮಗನ ತಲೆ ಕೆಡ್ಸಿದಾಳೆ," ಎಂದು ಎದೆ ಬಡಿದುಕೊಂಡಳು. ಸಕ್ಕರೆ ತೆಗೆದಳು. ಆಗ ಸೊಕ್ಕು ಎಂದರು.

ಇನ್ನೊಂದು ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಮಹಾಶಯನಿದ್ದ. ಅವನು ಕೂಗಿದರೆ ಮಲಗಿದ್ದ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. "ಏನ್ ಗತ್ತು ಅವಂದು!" ಎಂದು ಮ್ಯಾನೇಜರ್ ಮೆಚ್ಚಿಕೊಳ್ಳುತ್ತಿದ್ದ.

ಕೊನೆಗೊಂದು ದಿನ ಅಕ್ಕನನ್ನು ಕರೆಸಿದ. "ನೋಡಮ್ಮ, ತಿಂಗಳ ಕೊನೆಗೆ ನಿನ್ನ ವಿಷಯ ತೀರ್ಮಾನ ಆಗ್ಬೇಕು. ಈ ದನಿ ಇಟ್ಕೊಂಡು ಬಸ್ ಹತ್ಬೇಡ."

"ಮತ್ತೆಲ್ಲಿಡ್ಲಿ ಸಾರ್?"

"ಎಲ್ಲಾದ್ರೂ ಇಡು. ನನ್ನ ಬಸ್ಸಲ್ಲಿ ಬೇಡ."

ಹೇಳಿದ್ದನ್ನು ಹಾಗೇ ಮಾಡುವವಳು ನಮ್ಮಕ್ಕ. ಮರುದಿನ ಬೆಳಿಗ್ಗೆ ಊಟದ ಕ್ಯಾರಿಯರ್ ತೊಳೆದು ಒರೆಸಿದಳು. ಬಾಯಿ ಅಗಲಿಸಿ, ಹಲ್ಲುಸೆಟ್ಟು ತೆಗೆಯುವ ಹಾಗೆ ದನಿಯನ್ನು ಹೊರಗೆ ತೆಗೆದಳು. ಒಂದು ಡಬ್ಬಿಗೆ ಹಿಡಿಸಲಿಲ್ಲ. ಎಲ್ಲ ಡಬ್ಬಿಗೂ ಹಂಚಿ, ಚಿಲಕ ಬೀಳಲಿ ಎಂದು ನಾನೇ ಮೇಲೆ ಕೂತು ಅದುಮಿದೆ.

ಈಗ ಹೊರಗೆ, ಬಸ್ಸಿನ ಕಡೆ, ಏನೋ ಸುಂಯ್ ಎಂದಿತು. ಗಾಳಿ ಇರಬೇಕು ಬಿಡಿ.

ಮ್ಯಾನೇಜರ್ ಕೋಣೆಯ ಹಿಂದೆ ಒಂದು ಸ್ಟೋರ್ ರೂಮು. ಅದರಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನಿಡುವ ಕಬ್ಬಿಣದ ಬೀರು. ಕೊಡೆ, ಒಂಟಿ ಚಪ್ಪಲಿ, ಯಾರದೋ ಕನ್ನಡಕಗಳ ನಡುವೆ ಕ್ಯಾರಿಯರ್ ಇಟ್ಟು, ಅಕ್ಕ ಸೀಟಿ ಊದುತ್ತ ಕೆಲಸಕ್ಕೆ ಹೋದಳು. "ಮಾತೇ ಆಡಲ್ಲ, ಎಷ್ಟು ಜಂಬ ನೋಡು," ಎಂದು ಅದಕ್ಕೂ ಒಂದು ದೂರು ಬಂತು.

ದನಿಗೆ ಮಾತ್ರ ಸುಮ್ಮನಿದ್ದು ಅಭ್ಯಾಸವಿಲ್ಲವಲ್ಲ. ಮಧ್ಯಾಹ್ನ ಮ್ಯಾನೇಜರ್ ಬಾಗಿಲಿಗೆ ಒರಗಿ ಟೀ ಕುಡಿಯುತ್ತಿದ್ದಾಗ ಸ್ಟೋರಿನೊಳಗಿಂದ ಗುಡುಗಿತು:

"ಯಾರ್ರೀ ಅದು ಬಾಗ್ಲಲ್ಲಿ? ಒಳಗೆ ನಡೀರಿ!"

ಟೀ ಪ್ಯಾಂಟಿನ ಮೇಲಾಯಿತು. "ಸಾ... ಸಾರ್!"

"ಟಿಕೆಟ್ ತೋರ್ಸಿ!"

ಆತ ತನ್ನ ಗುರುತಿನ ಚೀಟಿಯನ್ನು ಸ್ಟೋರಿನ ಬಾಗಿಲ ಸಂದಿಯಲ್ಲಿ ಒಳಗೆ ತಳ್ಳಿದ. ಬಾಗಿಲು ತೆಗೆದು ನೋಡುವ ಧೈರ್ಯ ಎಲ್ಲಿಂದ ಬರಬೇಕು? ಸಂಜೆಯ ಹೊತ್ತಿಗೆ ಡಿಪೋದಲ್ಲೆಲ್ಲ ಒಂದೇ ಸುದ್ದಿ.

"ಹೆಡ್ ಆಫೀಸಿಂದ ದೊಡ್ಡ ಸಾಹೇಬ್ರು ಗುಟ್ಟಾಗಿ ಬಂದು ಒಳಗೆ ಕೂತಿದಾರೆ ಕಣ್ರಯ್ಯ," ಎಂದು ಮ್ಯಾನೇಜರ್ ಎಲ್ಲರಿಗೂ ಪಿಸುಗುಟ್ಟಿದ. "ಏನ್ ದನಿ ಅಂತೀರಿ! ಆಳೋದಕ್ಕೇ ಹುಟ್ಟಿದ ದನಿ!"

ಅದೇ ದನಿ. ಒಂದು ಎಳೆಯೂ ಹೆಚ್ಚು ಕಮ್ಮಿಯಿಲ್ಲ. ಮುಖ ಕಾಣುತ್ತಿರಲಿಲ್ಲ, ಅಷ್ಟೇ.

ದಿನಾ ಬೆಳಿಗ್ಗೆ ಮ್ಯಾನೇಜರ್ ಸ್ಟೋರಿನ ಬಾಗಿಲಿಗೆ ಸಲಾಮು ಹೊಡೆಯತೊಡಗಿದ. ಆ ಗತ್ತಿನ ಕಂಡಕ್ಟರ್ ಅಲ್ಲಿ ಹಾದುಹೋಗುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದ. ಬಸ್ಸುಗಳು ಎಷ್ಟು ಸರಿಯಾಗಿ ಓಡಿದವೆಂದರೆ, ಊರಿನ ಗಡಿಯಾರಗಳು ನಮ್ಮನ್ನು ನೋಡಿ ಮುಳ್ಳು ತಿರುಗಿಸಿಕೊಂಡವು.

ತಿಂಗಳ ಕೊನೆ ಬಂತು. ಅಕ್ಕನನ್ನು ಕರೆಸಿದ್ದರು, ಜೊತೆಗೆ ನಾನೂ ಹೋದೆ. ಮ್ಯಾನೇಜರ್ ಸ್ಟೋರಿನ ಬಾಗಿಲ ಮುಂದೆ ಕೈಕಟ್ಟಿ ನಿಂತ.

"ಸಾರ್, ಒಬ್ಳು ಕಂಡಕ್ಟರ್ ಇದಾಳೆ. ಕೆಲಸ ಚೆನ್ನಾಗಿ ಮಾಡ್ತಾಳೆ, ದನಿ ಮಾತ್ರ ಸರಿಯಿಲ್ಲ. ಕಾಯಂ ಮಾಡೋದಾ, ಬೇಡ್ವಾ?"

ಬೀರು ಸುಮ್ಮನಿತ್ತು. ಇಷ್ಟು ದಿನ ಬಡಬಡಿಸಿದ್ದು ಈಗಲೇ ಮೌನ ಹಿಡಿಯಬೇಕೇ? ಅಕ್ಕ ನನ್ನ ಕೈ ಹಿಡಿದಳು. ಬಾಯಿಬಿಟ್ಟು ಕೇಳೋಣವೆಂದರೆ ದನಿಯೇ ಅತ್ತ ಇದೆ.

"ಇವತ್ತೇ ಮಾಡ್ರೀ!" ಎಂದು ಒಳಗಿಂದ ಸಿಡಿಯಿತು. "ಇನ್ನೂ ಎಷ್ಟು ಹೊತ್ತು ನಿಲ್ಲಿಸ್ಕೋತೀರಿ ಅವಳನ್ನ?"

ಸಹಿ ಬಿತ್ತು. ಸೀಲು ಬಿತ್ತು. ಶಾಯಿ ಒಣಗುವ ಮೊದಲೇ ಆದೇಶ ಹೆಡ್ ಆಫೀಸಿನ ಬಸ್ಸು ಹತ್ತಿತು.

ಅಕ್ಕ ಸೀದಾ ಸ್ಟೋರಿನ ಕಡೆ ನಡೆದಳು. "ಏಯ್, ಸಾಹೇಬ್ರಿದಾರೆ!" ಎಂದು ಮ್ಯಾನೇಜರ್ ಹಿಂದೆ ಓಡಿದ. ಅವಳು ಬೀರು ತೆಗೆದಳು, ಕ್ಯಾರಿಯರ್ ಬಿಚ್ಚಿದಳು, ಒಂದೊಂದೇ ಡಬ್ಬಿ ಎತ್ತಿ ಗಟಗಟ ಕುಡಿದಳು.

"ಥ್ಯಾಂಕ್ಸ್ ಸಾರ್."

ಕಿಟಕಿಗಳೆಲ್ಲ ಅದುರಿದವು. ಮ್ಯಾನೇಜರ್ ಬೀರು ನೋಡಿದ, ಅಕ್ಕನನ್ನು ನೋಡಿದ, ಕೊಡೆ ಚಪ್ಪಲಿಗಳನ್ನು ನೋಡಿದ. ಊಟದ ಡಬ್ಬಿಗೆ ಇಷ್ಟು ದಿನ ಸಲಾಮು ಹೊಡೆದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಕೆಮ್ಮಿದ.

"ಅದೇನೋ ಸರಿ... ಸ್ವಲ್ಪ ಮೆತ್ತಗೆ ಮಾತಾಡಮ್ಮ."

"ಬೀರು ಒಳಗೆ ಕೂತು ಮಾತಾಡ್ಲಾ ಸಾರ್?"

ಆತ ಬೀರುವಿನ ಬಾಗಿಲನ್ನು ತಾನೇ ಮುಚ್ಚಿದ.

ಅಕ್ಕನಿಗೆ ಕೋಣೆ ಸಿಕ್ಕಿತು. ಮೊದಲ ದಿನ ಬಾಗಿಲು ಹಾಕಿಕೊಂಡು ಅವಳು ನಕ್ಕ ರಭಸಕ್ಕೆ ಇಡೀ ಬೀದಿಯಲ್ಲಿ ಹರವಿದ್ದ ಒದ್ದೆ ಬಟ್ಟೆಗಳೆಲ್ಲ ಗರಿಗರಿ ಒಣಗಿದವು.

ಈಗ ನಿಮ್ಮ ವಿಷಯಕ್ಕೆ ಬರೋಣ. ಬಸ್ಸು ಓಡಿಸುತ್ತೇನೆ ಎಂದ ಕೂಡಲೇ ನನಗೊಂದು ಗಂಡು ದನಿ ಕೊಟ್ಟು, ಮೂಗಿನ ಕೆಳಗೊಂದು ಮೀಸೆ ಅಂಟಿಸಿದಿರಲ್ಲ, ನನಗೆ ಗೊತ್ತಾಗಲಿಲ್ಲವೆಂದುಕೊಂಡಿರಾ? ಗಂಟೆಯಕ್ಕನ ತಂಗಿ ನಾನು. ನನಗ್ಯಾಕೆ ಮೀಸೆ? ಕಿತ್ತು ಕೊಡಿ ಇತ್ತ. ಬೀರುವಿನಲ್ಲಿ ಕ್ಯಾರಿಯರ್ ಇದ್ದ ಜಾಗ ಖಾಲಿಯಿದೆ, ಅಲ್ಲಿಡುತ್ತೇನೆ. ಹಾಗೇ ಹೊರಗೆ ಹೋಗಿ ಒಂದು ಟೈರಿಗೆ ಗಾಳಿ ಹಾಕಿ ಬನ್ನಿ. ಆಮೇಲೆ ಮೊದಲಿನಿಂದ ಓದಿ, ಈ ಸಲ ನನ್ನ ದನಿಯಲ್ಲಿ, ಗಟ್ಟಿಯಾಗಿ.